ಬಣ್ಣ ಹೊಂದಲಿಲ್ಲ ಎಂದವನು

"ಬಾಯಿ ತೆಗೀರಿ!"

ತನ್ನ ದನಿ ಇಷ್ಟು ಗಡುಸಾಗಿ ಹೊರಡಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಒರಗಿದ್ದವನು ಬಾಯಿಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನು ತೆಗೆಯಲಿಲ್ಲ. ಜ್ವರಕ್ಕೆ ಅವನ ಹಣೆ ಬೆವೆತಿತ್ತು.

"ನಿಮಗೇ ಹೇಳ್ತಿರೋದು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ರಿ?"

ಅವನು ಕಣ್ಣೆತ್ತಿ ನೋಡಿದ. ಅದೇ ಕಣ್ಣು! ಇನ್ನು ಈ ಜನ್ಮದಲ್ಲಿ ನೋಡುವುದಿಲ್ಲ ಎಂದು ಅತ್ತೂ ಅತ್ತೂ ಮನಸ್ಸನ್ನು ಒಪ್ಪಿಸಿದ್ದಳಲ್ಲ, ಅದೇ ಕಣ್ಣು...

'ಬರಲ್ಲ ಅಂತ ಬಿಟ್ಟುಬಿಟ್ಟ ಮೇಲೆ ಬಂದ್ಯಲ್ಲೋ... ಅದೂ ಹೀಗಾ ಬರೋದು?'

ಕರವಸ್ತ್ರ ಕೆಳಗಿಳಿಯಿತು. ಮೇಲ್ದುಟಿ ಊದಿ ಮೂಗಿಗೆ ತಾಗುವಂತಿತ್ತು. ಅದರಡಿ ಮುಂದಿನ ಮೂರು ಹಲ್ಲುಗಳು ಒಂದು ಪಕ್ಕಕ್ಕೆ ವಾಲಿ ಕೂತಿದ್ದವು. ಒಸಡಿನಿಂದ ಕೀವು ಜಿನುಗುತ್ತಿತ್ತು.

ಅವಳ ಕೋಪವೆಲ್ಲ ಜರ್ರನೆ ಇಳಿದುಹೋಯಿತು.

"ಅಕ್ಕಾ... ಬೇಗ ಬಾ!"

ಅದು ಅವಳ ಅಕ್ಕನ ಹಲ್ಲಿನ ಆಸ್ಪತ್ರೆ. ಅಕ್ಕ ಡಾಕ್ಟರ್. ತಂಗಿ ಪಕ್ಕದಲ್ಲಿ ನಿಂತು ಕೈಗೆ ಬೇಕಾದ್ದನ್ನು ಕೊಡುವವಳು, ಹಲ್ಲು ಕಟ್ಟಿಸಿಕೊಂಡವರಿಗೆ ಅದನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸುವವಳು. ಅವನು ಒಂದು ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನು. ಮೆಟ್ಟಿಲಲ್ಲಿ ಜಾರಿದಾಗ ವಾದ್ಯಕ್ಕೆ ಪೆಟ್ಟಾಗಬಾರದೆಂದು ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಮುಖವನ್ನೇ ನೆಲಕ್ಕೆ ಒಪ್ಪಿಸಿದ ಮಹಾನುಭಾವ! ವಾದ್ಯ ಉಳಿಯಿತು, ಮುಂದಿನ ಹಲ್ಲೊಂದು ಹೋಯಿತು. ಅಕ್ಕ ತಂಗಿ ಇಬ್ಬರೂ ಬೆನ್ನ ಹಿಂದೆ ಅವನಿಗೆ 'ಪೀಪಿ' ಎಂದು ಹೆಸರಿಟ್ಟಿದ್ದರು.

ಬ್ರಿಡ್ಜ್ ಎಂದರೇನೆಂದು ಅವನಿಗೆ ಬಿಡಿಸಿ ಹೇಳಿದ್ದು ಅವಳೇ.

"ಹೋದ ಹಲ್ಲಿನ ಆಚೆ ಈಚೆ ಇರೋ ಹಲ್ಲುಗಳನ್ನ ಅಕ್ಕ ಅರೆದು ಸಣ್ಣ ಮಾಡ್ತಾಳೆ. ಅವೆರಡಕ್ಕೂ ಟೋಪಿ, ಮಧ್ಯೆ ಹೊಸ ಹಲ್ಲು. ಮೂರೂ ಒಂದೇ ತುಂಡು. ಮಧ್ಯದ್ದಕ್ಕೆ ಬೇರಿಲ್ಲ, ಭಾರ ಎಲ್ಲಾ ಆ ಎರಡರ ಮೇಲೇನೇ."

"ಪಾಪ! ಯಾರದೋ ಭಾರ ಅವು ಹೊರಬೇಕಾ?"

"ಹೊರ್ತವೆ, ನೀವು ನೋಡ್ಕೊಂಡ್ರೆ. ದಾರ ಮೇಲಿಂದ ಇಳಿಯಲ್ಲ, ಸೂಜಿಗೆ ಪೋಣಿಸೋ ಹಾಗೆ ಕೆಳಗಿಂದ ತೂರಿಸಿ ಉಜ್ಜಬೇಕು. ದಿನಾ! ತಿಂದದ್ದು ಅಲ್ಲೇ ಕೂತ್ರೆ ಒಸಡು ಊದುತ್ತೆ, ಟೋಪಿ ಒಳಗೇ ಹಲ್ಲು ಹುಳುಕಾಗುತ್ತೆ."

ಕನ್ನಡಿ ಹಿಡಿದು, ಅವನ ಬೆರಳಿಗೆ ದಾರ ಸುತ್ತಿ ಕಲಿಸಿದಳು. ಅವನಿಗೆ ಬರಲಿಲ್ಲ. ಮತ್ತೆ ಕಲಿಸಿದಳು, ಮತ್ತೂ ಬರಲಿಲ್ಲ. ಕ್ಲಾರಿನೆಟ್ಟಿನ ಅಷ್ಟೊಂದು ಕೀಲಿಗಳ ಮೇಲೆ ಓಡಾಡುವ ಬೆರಳಿಗೆ ಒಂದು ದಾರ ತೂರಿಸಲು ಬರುವುದಿಲ್ಲವಂತೆ! ಅವಳಿಗೇನು ಗೊತ್ತಾಗದೇ? ಗೊತ್ತಿದ್ದೂ ಕಲಿಸುತ್ತಿದ್ದಳು.

ಮೊದಲು ಹಾಕಿದ್ದು ಪ್ಲಾಸ್ಟಿಕ್ಕಿನ ಟೆಂಪರರಿ ಬ್ರಿಡ್ಜ್. ಲ್ಯಾಬಿನಿಂದ ಪರ್ಮನೆಂಟ್ ಬರುವ ತನಕ ವಾದ್ಯ ಮುಟ್ಟಕೂಡದು, ಕಳಚಿಕೊಂಡರೆ ಹಾಗೇ ಹಿಡಿದುಕೊಂಡು ಬರಬೇಕು ಎಂದು ಅಕ್ಕ ಕಟ್ಟುನಿಟ್ಟಾಗಿ ಹೇಳಿದ್ದಳು. ಪರ್ಮನೆಂಟ್ ಬಂತು. ಅವನು ಕನ್ನಡಿ ನೋಡಿ "ಬಣ್ಣ ಹೊಂದ್ತಿಲ್ಲ" ಎಂದ. ವಾಪಸ್ಸು ಕಳಿಸಿದರು. ಮತ್ತೆ ಬಂದಾಗಲೂ ಅದೇ ರಾಗ. ಬಣ್ಣ ಚೆನ್ನಾಗಿಯೇ ಹೊಂದುತ್ತಿತ್ತು. ಅಕ್ಕ ಮಾಸ್ಕಿನೊಳಗೆ ನಕ್ಕು ಅದನ್ನು ಡಬ್ಬಿಗೆ ಹಾಕಿ ಎತ್ತಿಟ್ಟಳು.

ಆ ದಿನ ಹೊರಡುವಾಗ ಅವನು ಬಾಗಿಲಲ್ಲಿ ತಡೆದು ನಿಂತ.

"ಪರ್ಮನೆಂಟ್ ಹಾಕಿದ್ಮೇಲೆ ನಾನು ಇಲ್ಲಿಗೆ ಬರೋ ಹಾಗೇ ಇಲ್ವಾ?"

ಬೆಂಚಿನ ಮೇಲೆ ಕೂತ ಪೇಷೆಂಟುಗಳೆಲ್ಲ ಇವಳನ್ನೇ ನೋಡುತ್ತಿದ್ದರು. ನಾಚಿಕೆ ಮುಚ್ಚಿಕೊಳ್ಳಲು ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಆಮೇಲೆ ನಿಮ್ಮ ಕಾಟ ತಪ್ಪುತ್ತಲ್ಲ, ಹಾಯಾಗಿರ್ತೀವಿ!"

ಅವನು ನಕ್ಕ. ಹೋದ. ಮತ್ತೆ ಬರಲೇ ಇಲ್ಲ.

ಫೋನ್ ಮಾಡಿದರೆ ಎತ್ತಲಿಲ್ಲ. 'ನನ್ನ ಹತ್ತಿರ ನಕ್ಕಿದ್ದು, ಮಾತಾಡಿದ್ದು ಎಲ್ಲಾ ಹೊತ್ತು ಹೋಗಲಿ ಅಂತಾನಾ?' ಎಂದು ಅವಳು ದಿಂಬು ಒದ್ದೆ ಮಾಡಿಕೊಂಡಳು. ಹಟಕ್ಕೆ ಬಿದ್ದು ಆಮೇಲೆ ಫೋನ್ ಮಾಡುವುದನ್ನೂ ಬಿಟ್ಟಳು. ಸುಡಲಿ ಆ ಹಟ! ಅವತ್ತು ಇನ್ನೊಂದು ಸಲ ಮಾಡಿದ್ದರೆ...

ಈಗ ಅಕ್ಕ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು.

"ಇದು ನಾನು ಅಂಟಿಸಿದ್ದಲ್ಲ. ಏನ್ರೀ ಹಾಕಿದೀರ ಇದಕ್ಕೆ?"

"ಕಳಚಿ ಬಂತು ಡಾಕ್ಟ್ರೇ... ಕ್ಲಾರಿನೆಟ್ಟಿನ ತೂತು ಮುಚ್ಚೋ ಪ್ಯಾಡ್ ಅಂಟಿಸೋ ಗೋಂದು ಮನೇಲಿತ್ತು. ಅದು ಎಂಥ ಎಂಜಲಿಗೂ ಬಿಡಲ್ಲ ಅಂತ..."

"ಅಯ್ಯೋ! ಇದರ ಮೇಲೆ ನುಡಿಸಿದ್ರಾ?"

ಅವನು ತಲೆ ತಗ್ಗಿಸಿದ. ಸೊಟ್ಟಗೆ ಅಂಟಿದ ಹಲ್ಲಿನ ಮೇಲೆ ದಿನವೂ ವಾದ್ಯದ ಮೂತಿ ಊರಿದ್ದ. ಗೋಂದು ತುಂಬಿದ ಸಂದಿಯಲ್ಲಿ ದಾರ ತೂರಲು ಜಾಗವೇ ಇರಲಿಲ್ಲ.

ಎಕ್ಸ್‌ರೇ ತೆಗೆದು ಅಕ್ಕ ಬೆಳಕಿಗೆ ಹಿಡಿದಳು.

"ಭಾರ ಹೊತ್ತ ಎರಡರಲ್ಲಿ ಒಂದು ಹಲ್ಲಿನ ಬೇರು ಉದ್ದಕ್ಕೆ ಸೀಳಿದೆ. ಕೀಳಲೇಬೇಕು."

"ಉಳಿಸಕ್ಕೇ ಆಗಲ್ವಾ ಅಕ್ಕಾ?" ತಂಗಿ ಕೇಳಿದಳು.

"ಇಲ್ಲ ಕಣೇ."

"ಮತ್ತೆ ನನ್ನ ಕ್ಲಾರಿನೆಟ್ಟು?" ಎಂದ ಅವನು.

"ಗಾಯ ಆರಿದ್ಮೇಲೆ ಇನ್ನಷ್ಟು ಹಲ್ಲು ಸೇರಿಸಿ ಉದ್ದದ ಬ್ರಿಡ್ಜ್ ಕಟ್ಟಬಹುದು. ತಿನ್ನಕ್ಕೆ, ಮಾತಾಡಕ್ಕೆ ಸಾಕು. ವಾದ್ಯದ ಒತ್ತಡ ತಡೆಯುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ಅವನು ಚಾವಣಿಯ ದೀಪವನ್ನೇ ನೋಡುತ್ತಿದ್ದ. "ಬ್ಯಾಂಡಿನೋರು ಆಗ್ಲೇ ಬೇರೆಯವ್ರನ್ನ ಕರ್ಕೊಂಡಾಯ್ತು" ಎಂದ.

ಹಲ್ಲು ತಟ್ಟೆಗೆ ಬಿದ್ದಾಗ ಅವಳು ಆ ಕಡೆ ನೋಡಲಿಲ್ಲ. ಅಕ್ಕ ಹತ್ತಿಬಟ್ಟೆ ಕಚ್ಚಿಸಿ, "ಅರ್ಧ ಗಂಟೆ ಮಾತಾಡಬಾರದು" ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೊರಗೆ ಹೋದಳು.

ಅವಳು ಡ್ರಾಯರಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಅವನ ಮುಂದೆ ಹಿಡಿದಳು. ಒಳಗೆ ಪರ್ಮನೆಂಟ್ ಬ್ರಿಡ್ಜ್ ಇತ್ತು. ಅದಕ್ಕೆ ಆಸರೆ ಕೊಡಬೇಕಾದ ಹಲ್ಲೇ ಈಗ ಇರಲಿಲ್ಲ.

"ಇದರ ಬಣ್ಣ ಹೊಂದ್ತಿತ್ತು ಕಣ್ರೀ!" ಎಂದು ಬಿಕ್ಕಿದಳು. "ಯಾಕ್ರೀ ಹಾಕಿಸ್ಕೊಳ್ಲಿಲ್ಲ?"

ಅವನು ಹತ್ತಿಬಟ್ಟೆ ತೆಗೆದುಬಿಟ್ಟ. ಮರಗಟ್ಟಿದ ತುಟಿಯಲ್ಲಿ ಮಾತು ತೊದಲಿತು.

"ಹಾಕಿಸ್ಕೊಂಡ್ರೆ ಮುಗಿದೇ ಹೋಗ್ತಿತ್ತು... ಫೋನ್ ಎತ್ತಿದ್ರೆ ಹಾಕಿಸ್ಕೊಳ್ಳಕ್ಕೆ ಕರೀತಿದ್ರಿ, ಆಗ್ಲೂ ಮುಗೀತಿತ್ತು. ನನ್ನ ಕಾಟ ಅಂದ್ರಲ್ಲ... ನಿಜ ಅನ್ಕೊಂಡೆ."

"ತಮಾಷೆಗೆ ಅಂದೆ! ನೀವು ಬರೋ ದಿನ ಬೆಳಗಿಂದ ಬಾಗಿಲೇ ನೋಡ್ತಿದ್ದೆ ನಾನು. ನನ್ನ ಒಂದು ಮಾತು ನಿಮ್ಮ ಬಾಳನ್ನೇ ತಿಂದುಬಿಡ್ತು..."

"ಗೋಂದು ಹಾಕಿದ್ದು ನಾನು." ಅವನು ಮೆಲ್ಲಗೆ ಎದ್ದು ನಿಂತ. "ನುಡಿಸಕ್ಕಾಗದೋನು ಯಾರಿಗೆ ಬೇಕು? ನನಗೆ ಬೇರೇನೂ ಬರಲ್ಲ. ಹೋಗ್ತೀನಿ ಬಿಡಿ."

ಅವಳು ಅವನ ತೋಳು ಹಿಡಿದಳು.

"ನೀವು ನುಡಿಸಿದ್ದು ನಾನು ಒಂದು ದಿನಾನೂ ಕೇಳಿಲ್ಲ."

ಅವನು ನಿಂತುಬಿಟ್ಟ. ಹೌದಲ್ಲ! ಎಷ್ಟೋ ಜನರ ಮುಂದೆ ನುಡಿಸಿದ್ದ, ಇವಳೊಬ್ಬಳು ಕೇಳಿರಲಿಲ್ಲ.

"ಕೇಳದೇನೇ ಇಷ್ಟೆಲ್ಲಾ ಆಗಿಹೋಗಿದೆ ನನಗೆ... ಏನು ಮಾಡ್ಲಿ, ಹೇಳಿ!"

ಅವನು ಕುರ್ಚಿಗೆ ಕುಸಿದು, ಬಾಯಿ ಮುಚ್ಚಿಕೊಂಡು ಅತ್ತ. ಆ ಅಳು ಅವಳಿಗಾಗಿ ಅಲ್ಲ, ವಾದ್ಯಕ್ಕಾಗಿ. ಅವಳಿಗದು ಗೊತ್ತಿತ್ತು. ಅಳಲು ಬಿಟ್ಟಳು.

"ನಿನಗೆ ಕೇಳಿಸಬೇಕಿತ್ತು... ಒಂದು ಸಲ ಆದ್ರೂ." ಮೊದಲ ಸಲ 'ನೀನು' ಎಂದಿದ್ದ.

"ಹೂಂ."

"ಇನ್ನು ಆಗಲ್ವೇನೋ."

"ಆಗದೇನೂ ಇರಬಹುದು." ಅವಳೂ ಸುಳ್ಳು ಹೇಳಲಿಲ್ಲ. ಹೊಸ ಹತ್ತಿಬಟ್ಟೆ ಮಡಿಸಿ ಗಾಯದ ಮೇಲಿಟ್ಟಳು. "ಕಚ್ಚಿ ಹಿಡ್ಕೋ. ರಕ್ತ ನಿಲ್ಲೋ ತನಕ ನಾನು ಇಲ್ಲೇ ಇರ್ತೀನಿ."

ಅವನು ಬಟ್ಟೆಯ ಸಂದಿಯಿಂದಲೇ ಕೇಳಿದ.

"ಆಮೇಲೆ?"

"ಆಮೇಲೂ."