ಡುಬ್ಬದ ಮೊಸಳೆ

ಮೊಸಳೆಯ ಬಾಯಿಂದ ಪಾರಾದವನು ಮೊದಲು ಗುಡಿಗೆ ಹೋಗಬೇಕು. ಲಗಮಣ್ಣ ಪೈಲವಾನ ಠಾಣೆಗೆ ಬಂದ, ಅದೂ ಲಂಗೋಟಿಯಲ್ಲಿ. ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ; ಓಡಿದ್ದನ್ನು ಓಡಿದಂತೆ.

೧೯೫೭ರ ಜೂನ್ ೨೫, ಮಂಗಳವಾರ, ಬೆಳಿಗ್ಗೆ. ಗೋಕಾಕ ಠಾಣೆಯಲ್ಲಿ ಫೌಜದಾರ ಸತ್ಯಪ್ಪನವರು ಚಹದ ಬಟ್ಟಲು ಕೆಳಗಿಟ್ಟರು.

“ಏನಾತೋ ಪೈಲವಾನ?”

“ಹೊಳ್ಯಾಗ ಮೊಸಳಿ ಐತ್ರಿ. ಈಸಾಕತ್ತಿದ್ದೆ, ಎದರಿಗೇ ಬಂತ್ರಿ.”

“ಧೋತರ?”

“ದಂಡಿ ಮ್ಯಾಲ ಉಳೀತ್ರಿ. ಬಜಾರ ತುಂಬ ಹಿಂಗ ಓಡಿ ಬಂದೆ. ಹೆಣ್ಮಕ್ಕಳು ನಕ್ಕರ್ರಿ.”

“ಮೊಸಳಿ ಹೆಂಗಿತ್ತು?”

“ಕೆಂಪು ಕಣ್ಣು. ಬೆನ್ನ ಮ್ಯಾಲ ಡುಬ್ಬ.”

ದೂರು ಬರೆಯುತ್ತಿದ್ದ ಪೇದೆ ಗುಡ್ಡಪ್ಪ ತಲೆ ಎತ್ತಿದ. “ಡುಬ್ಬ ಅಂತ ಬರೀಲೇನ್ರಿ ಸಾಹೇಬ್ರ?”

“ಬರಿ. ಮೊಸಳಿ ಬಂದು ತಕರಾರು ಮಾಡೂದಿಲ್ಲ.”

ವಿಷಯ ಬರೀ ನಗೆಯದಾಗಿರಲಿಲ್ಲ. ಗುರುವಾರ ಮಣ್ಣೆತ್ತಿನ ಅಮಾವಾಸ್ಯೆ. ಘಟಪ್ರಭೆಗೆ ಹೊಸ ನೀರು ಬಂದಿತ್ತು. ದಂಡೆಯ ಹಳ್ಳಿಗಳ ಹೊಲಸನ್ನೆಲ್ಲ ಹೊತ್ತು ಕೆಂಪಗೆ ಹರಿಯುತ್ತಿತ್ತು. ಅಮಾವಾಸ್ಯೆಯಂದು ಅದರಲ್ಲಿ ಮಿಂದು ಒಂದು ಬೊಗಸೆ ಕುಡಿಯುವುದು ಊರವರ ರೂಢಿ. ಡಾಕ್ಟರರು ಬೇಡವೆಂದು ಡಂಗುರ ಹೊಡೆಸಿದರೂ ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಹಿರಿಯರ ಗಲಾಟೆ ಒಂದೇ: ಗುರುವಾರದೊಳಗೆ ಮೊಸಳೆಯನ್ನು ಗುಂಡಿಟ್ಟು ಕೊಲ್ಲಿ.

ಒಂಬತ್ತು ಗಂಟೆಗೆ ಗುಡ್ಡಪ್ಪನೊಬ್ಬನನ್ನೇ ಕರೆದುಕೊಂಡು ಸ್ಥಳ ಪರಿಶೀಲನೆ. ಜೊಂಡಿನ ನಡುವೆ ಕೆಂಪು ಕಣ್ಣಿನ ತಲೆ ತೇಲುತ್ತಿತ್ತು. ಅದರ ಪಕ್ಕದಲ್ಲೇ ಎಮ್ಮೆಗಳು ನೆಮ್ಮದಿಯಾಗಿ ಬಿದ್ದುಕೊಂಡಿದ್ದವು. ಅದನ್ನು ಕಂಡ ಸತ್ಯಪ್ಪನವರು ಬಂದೂಕು ಕೆಳಗಿಳಿಸಿದರು. ಗುಡ್ಡಪ್ಪ ಗಳದಿಂದ ಎಳೆದ. ಮೊಸಳೆಯ ಹಿಂದೆ ಹಗ್ಗ, ಹಗ್ಗದ ತುದಿಗೆ ಕಲ್ಲು. ಮೈ ಸುಟ್ಟ ಮಣ್ಣು, ಒಳಗೆ ಪೊಳ್ಳು. ಕಣ್ಣಿಗೆ ಗುಲಗಂಜಿ. ಬೆನ್ನಿಗೆ ಎತ್ತಿಗಿರುವಂಥ ಅಂದವಾದ ಡುಬ್ಬ.

“ಎತ್ತು ಮಾಡಿ ಮಾಡಿ ಪಳಗಿದ ಕೈ ಇದು,” ಎಂದರು ಫೌಜದಾರರು.

ಮೊಸಳೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಇಬ್ಬರೂ ಕುಂಬಾರ ಓಣಿಗೆ ಹೋದರು. ಅಲ್ಲಿ ಸಾತವ್ವ ಹಬ್ಬದ ಮಣ್ಣೆತ್ತುಗಳನ್ನು ಒಣಗಲು ಸಾಲಾಗಿ ಇಟ್ಟಿದ್ದಳು. ಎಲ್ಲಕ್ಕೂ ಗುಲಗಂಜಿಯ ಕಣ್ಣು.

“ಸಾತವ್ವ, ಮೊಸಳಿಗೆ ಡುಬ್ಬ ಇರ್ತೈತೇನವಾ?” ಎಂದು ಫೌಜದಾರರು ಗೋಣಿ ಸರಿಸಿದರು.

ಅವಳು ಮೊಸಳೆಯನ್ನೇ ನೋಡಿದಳು. “ಕೈ ರೂಢಿರಿ. ಬ್ಯಾಡಂದ್ರೂ ಇಟ್ಟಬಿಡ್ತೈತಿ.”

“ಯಾಕ ಮಾಡಿದಿ?”

“ಹ್ವಾದ ವರ್ಷ ನನ್ನ ಮಗಳು ಶೆಟ್ಟೆವ್ವ ಇದ ಅಮಾಸಿಗೆ ಹೊಸ ನೀರು ಕುಡದ್ಲು. ವಾಂತಿ-ಭೇದಿ ಹತ್ತಿ ಮರುದಿನ ಹೋದ್ಲು. ಈ ಸಲ ಮನಿಮನಿಗೆ ಹೋಗಿ ಬ್ಯಾಡ್ರೀ ಅಂದೆ. ಹೊಳಿ ಅಂದ್ರ ಗಂಗವ್ವ ತಾಯಿ, ಆಕಿ ಕೊಲ್ತಾಳೇನ ಅಂದ್ರು. ಮೊಸಳಿ ಅಂದ್ರ ಕೇಳ್ತಾರ್ರಿ.”

ಮಧ್ಯಾಹ್ನ ಠಾಣೆಯಲ್ಲಿ ಸಾತವ್ವನ ದಸ್ತಗಿರಿ ದಾಖಲಾಯಿತು. ಲಗಮಣ್ಣನನ್ನು ಕರೆಸಿದರು, ಈ ಸಲ ಧೋತರ ಉಟ್ಟೇ ಬಂದ. ಅವನು ದೂರು ಬಿಡದೆ ಪಟ್ಟು ಹಿಡಿದರೆ ಮಣ್ಣಿನ ಮೊಸಳೆ ಊರೆದುರಿಗೆ ಬರುತ್ತದೆ, ಗುರುವಾರ ಊರು ನೀರಿಗಿಳಿಯುತ್ತದೆ. ಸತ್ಯಪ್ಪನವರು ಶೆಟ್ಟೆವ್ವನ ಸಂಗತಿ ಹೇಳಿ ಮೊಸಳೆಯನ್ನು ಅವನ ಮುಂದಿಟ್ಟರು.

ಪೈಲವಾನ ಡುಬ್ಬದ ಮೇಲೆ ಬೆರಳಿಂದ ಬಡಿದ. ಠಣ್ ಎಂದಿತು.

“ನಾ ಓಡಿದ್ದು ಈ ಗಡಿಗಿಗೇನು?”

ಗುಡ್ಡಪ್ಪ ನಗು ತಡೆಯಲು ಮೀಸೆ ಕಚ್ಚಿಕೊಂಡ. ಲಗಮಣ್ಣ ಸಾತವ್ವನತ್ತ ತಿರುಗಿದ.

“ಡುಬ್ಬ ಛಲೋ ಕುಂತೈತಿ ಬಿಡ ಅಕ್ಕಾ. ಸಾಹೇಬ್ರ, ದೂರು ವಾಪಸ್ ತಗೋತೇನ್ರಿ. ಮೊಸಳಿನ್ನ ಮಾತ್ರ ಬಿಡಬ್ಯಾಡ್ರಿ.”

ಸಾತವ್ವ ಮನೆಗೆ ಹೋದಳು. ಮೊಸಳೆ ಲಾಕಪ್ಪಿನಲ್ಲಿ ಉಳಿಯಿತು.

ಗುರುವಾರ ಹೊಳೆಯ ದಂಡೆಯಲ್ಲಿ ಜನ ಸೇರಿದರು, ನೀರಿಗೆ ಒಬ್ಬರೂ ಇಳಿಯಲಿಲ್ಲ. “ಒಂದಲ್ಲ, ಎರಡದಾವು,” ಎಂದು ಲಗಮಣ್ಣ ಸಾರುತ್ತಿದ್ದ. ನಂಬದವರ ಮುಂದೆ ಧೋತರ ಎತ್ತಿ ಕಟ್ಟಿ, ತಾನು ಬಜಾರದಲ್ಲಿ ಓಡಿದ್ದನ್ನು ಓಡಿ ತೋರಿಸಿದ. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕರು, ಹಿರಿಯರೂ ನಕ್ಕರು. ಎಲ್ಲರ ನಗೆಯನ್ನೂ ಮುಳುಗಿಸಿ ಕೇಳಿದ್ದು ಅವನದೇ ನಗೆ.