ಪೂರ್ವದ ತುದಿಯ ಆರು ಪೆಟ್ಟಿಗೆಗಳು

1998ರ ಫೆಬ್ರವರಿ 12, ಗುರುವಾರ ಬೆಳಿಗ್ಗೆ 10.20ಕ್ಕೆ ಕೋಕಿಲಾ ಎಂಬ ಹೆಂಗಸು ಚೆನ್ನೈನ ವಡಪಳನಿ ಠಾಣೆಗೆ ಬಂದು ದೂರು ಕೊಟ್ಟಳು. ಆಕೆಯ ಗಂಡ ಉದಯನ್ ಸಿನಿಮಾ ಫೈಟರ್. ಹಿಂದಿನ ದಿನ ಮಧ್ಯಾಹ್ನ ಮೂವತ್ತಡಿ ಅಟ್ಟಣಿಗೆಯಿಂದ ಬಿದ್ದು ಸತ್ತಿದ್ದ. ಬೀಳುವುದೇ ಅವನ ಕೆಲಸ. ಹನ್ನೊಂದು ವರ್ಷದಿಂದ ಬಿದ್ದು ಬಿದ್ದು ಎದ್ದು ಬರುತ್ತಿದ್ದ.

"ಸಿನಿಮಾ ಕಂಪನಿಯವರು ಕೆಳಗೆ ಹಾಸೋಕೆ ಕೆಟ್ಟ ಪೆಟ್ಟಿಗೆ ಕೊಟ್ಟಿದಾರೆ ಅಯ್ಯಾ. ಜೋಡಿಸಿದ್ದು ನಮ್ಮಪ್ಪ. ಅವರ ಕೈ ತಪ್ಪೋದಿಲ್ಲ," ಅಂದಳು. ಅತ್ತು ಮುಗಿದ ಮುಖ.

ಇನ್ಸ್‌ಪೆಕ್ಟರ್ ತಣಿಕಾಚಲಂ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಏಳುಮಲೈ ಜೊತೆ ಸ್ಟುಡಿಯೋಗೆ ಹೋದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹೆಣ ನೋಡಿ ನೋಡಿ ಅವನ ಮನಸ್ಸು ಜೋಮು ಹಿಡಿದ ಕಾಲಿನಂತಾಗಿತ್ತು.

12.15ಕ್ಕೆ ಪಂಚನಾಮೆ ಶುರುವಾಯಿತು. ನಲವತ್ತೆಂಟು ರಟ್ಟಿನ ಪೆಟ್ಟಿಗೆ, ಮೇಲೊಂದು ಹಾಸಿಗೆ. ಖಾಲಿ ಪೆಟ್ಟಿಗೆ ಜಜ್ಜಿಹೋಗುತ್ತಾ ಬಿದ್ದವನ ಪೆಟ್ಟನ್ನು ತಾನು ತಿನ್ನುತ್ತದೆ. ಅದಕ್ಕೇ ಬಾಯಿಗೆ ಟೇಪು ಹಚ್ಚುವುದಿಲ್ಲ. ಏಳುಮಲೈ ಹಾಸಿಗೆ ಎತ್ತಿದ. ನಲವತ್ತೆರಡು ಅಪ್ಪಚ್ಚಿಯಾಗಿದ್ದವು. ಪೂರ್ವದ ತುದಿಯ ಆರು ಮಾತ್ರ ಹಾಗೇ ನಿಂತಿದ್ದವು. ಬಾಯಿಗೆ ಎರಡು ಸುತ್ತು ಕಂದು ಟೇಪು, ಒಳಗೆ ಒತ್ತಿ ತುಂಬಿದ ಹಳೆಯ ಪತ್ರಿಕೆ.

"ಇದು ಪೆಟ್ಟಿಗೆಯಲ್ಲ ಸಾರ್, ಕಲ್ಲು," ಅಂದ ಏಳುಮಲೈ.

ಶವಪರೀಕ್ಷೆಯ ವೈದ್ಯರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮೈಮೇಲೆ ಒಂದು ತರಚು ಗಾಯ ಇಲ್ಲ. ಮೈ ಕುಸೀತು, ತಲೆ ಕುಸೀಲಿಲ್ಲ. ಎರಡರ ಮಧ್ಯೆ ಇರೋದು ಕತ್ತು, ಅದು ಮುರೀತು."

2.30ಕ್ಕೆ ಫೈಟ್ ಮಾಸ್ಟರ್ ದಿವಾಕರನ ಹೇಳಿಕೆ.

"ಪೆಟ್ಟಿಗೆ ಹಾಸಿದ್ದು ಯಾರು?"

"ವೇದಗಿರಿ ಅಣ್ಣ, ಉದಯನ್ ಮಾವ. ಬೀಳೋನ ಪೆಟ್ಟಿಗೇನ ಮನೆಯವರೇ ಹಾಸ್ಬೇಕು, ಬೇರೆಯವರು ಬೆರಳೂ ಇಡೋ ಹಾಗಿಲ್ಲ. ನಮ್ಮಲ್ಲಿ ಅದೇ ಕಟ್ಟಳೆ."

"ತಲೆ ಪೂರ್ವಕ್ಕೇ ಬರಬೇಕಿತ್ತಾ?"

"ಇಲ್ಲ ಸಾರ್, ಪಶ್ಚಿಮಕ್ಕೆ ಅಂತಿತ್ತು. ಊಟ ಆದ್ಮೇಲೆ ಬಿಸಿಲು ತಿರುಗಿತು, ಕ್ಯಾಮೆರಾ ಆ ಕಡೆ ಹಾಕಿದ್ವಿ. 'ತಿರುಗಿ ಬೀಳಪ್ಪ' ಅಂದೆ. ಅವನಿಗೆ ನೀರು ಕುಡಿದಷ್ಟು ಸಲೀಸು."

"ವೇದಗಿರಿಗೆ ಗೊತ್ತಿತ್ತಾ?"

"ಬೆಳಿಗ್ಗೆ ಹಾಸಿ ಮನೆಗೆ ಹೋದ್ರು. ಅಳಿಯ ಬೀಳೋದನ್ನ ಅವರು ನೋಡಲ್ಲ."

ತಣಿಕಾಚಲಂ ಕಾಗದ ಮಡಿಸಿದವನು ಮತ್ತೆ ಬಿಚ್ಚಿದ. "ಮುಂದೆ ಯಾವ ಶಾಟ್ ಇತ್ತು ಅವನಿಗೆ?"

"ಸೋಮವಾರ. ಸೇತುವೆಯಿಂದ ತೊಂಬತ್ತಡಿ. ಬೇರೆ ಯಾರೂ ಒಪ್ಪಲಿಲ್ಲ ಸಾರ್."

4.40ಕ್ಕೆ ಠಾಣೆಗೆ ಹತ್ತಿರದ ಸಾಲಿಗ್ರಾಮಂ ಬಡಾವಣೆಯಲ್ಲಿ ವೇದಗಿರಿಯ ಮನೆ. ಮೊಣಕಾಲು ಸೊಟ್ಟಗಾದ ಮುದುಕ ವೇದಗಿರಿ ಜಗಲಿಯಲ್ಲಿ ಕೂತಿದ್ದ. ಅವನೂ ಒಂದು ಕಾಲದ ಫೈಟರ್. ಕಿಟಕಿಯಲ್ಲಿ ಅರ್ಧ ಖಾಲಿಯಾದ ಕಂದು ಟೇಪಿನ ಸುರುಳಿ. ಬಚ್ಚಿಡುವ ಗೋಜಿಗೂ ಹೋಗಿರಲಿಲ್ಲ. ಕೋಕಿಲಾ ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದಳು.

"ಆ ಆರು ಪೆಟ್ಟಿಗೆ ತುಂಬಿದ್ದು ಯಾರು?"

"ನಾನೇ."

"ಯಾಕೆ?"

"ಅಲ್ಲಿ ಕಾಲು ಬರಬೇಕಿತ್ತು ಅಯ್ಯಾ." ಮುದುಕ ತನ್ನ ಮೊಣಕಾಲು ನೋಡಿಕೊಂಡ. "ತೊಂಬತ್ತಡಿಗೆ ಯಾವ ಪೆಟ್ಟಿಗೇನೂ ಸಾಲದು. ಬೈದೆ, ಕೈ ಮುಗಿದೆ. 'ಮಾವ, ನಿಮಗೆ ವಯಸ್ಸಾಯ್ತು' ಅಂತ ನಕ್ಕ. ಹಿಮ್ಮಡಿ ಮುರಿದ್ರೆ ಮೂರು ತಿಂಗಳು ಮಲಗ್ತಾನೆ, ಅಷ್ಟರಲ್ಲಿ ಆ ಶಾಟ್ ಮುಗಿದಿರತ್ತೆ ಅಂದ್ಕೊಂಡೆ. ಕಾಲು ಮುರಿದ್ರೆ ಕಟ್ಟು, ಕತ್ತು ಮುರಿದ್ರೆ ಚಟ್ಟ ಅಂತ ನಾವೇ ಹೇಳ್ತಿದ್ವಿ."

ಕೋಕಿಲಾ ಲೋಟವನ್ನು ನೆಲಕ್ಕಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ.

"ಕ್ಯಾಮೆರಾ ತಿರುಗಿಸ್ತಾರೆ ಅಂತ ಯಾರೂ ಹೇಳಲಿಲ್ಲ ಮಗಾ," ಅಂದ ವೇದಗಿರಿ.

5.05ಕ್ಕೆ ಬಂಧನವಾಯಿತು. ಬಂಧನ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕು. ಉಳಿದವಳು ಅವಳೊಬ್ಬಳೇ. ಏಳುಮಲೈ ಮುಖ ತಿರುಗಿಸಿಕೊಂಡೇ ಪೆನ್ನು ಚಾಚಿದ. ಅವಳು ನಿಧಾನವಾಗಿ ಸಹಿ ಹಾಕಿ, ತಲೆಯೆತ್ತದೆ ಹೇಳಿದಳು:

"ಭಾನುವಾರ ನಾನೇ ಅಪ್ಪನ ಹತ್ರ ಅತ್ತಿದ್ದೆ ಅಯ್ಯಾ. ಏನಾದ್ರೂ ಮಾಡಿ ಅವರನ್ನ ನಿಲ್ಲಿಸಪ್ಪಾ ಅಂತ. ಅದನ್ನೂ ಬರ್ಕೊಳ್ಳಿ."

ಠಾಣೆಗೆ ಮರಳಿದ ಮೇಲೆ ತಣಿಕಾಚಲಂ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆದ: ಅಳಿಯನ ಪ್ರಾಣ ಉಳಿಸಲು. ಅವಳು ಬರೆದುಕೊಳ್ಳಿ ಅಂದದ್ದನ್ನು ಮಾತ್ರ ಬರೆಯಲಿಲ್ಲ.