ಮೇಸ್ತ್ರಿಯ ತೋಳಿನ ತೇಪೆ

ಡಬ್ಬಿ ಇತ್ತು. ಅದರೊಳಗಿನ ತೇಪೆ ಇರಲಿಲ್ಲ.

ಆಪರೇಷನ್ ಕೋಣೆಗೆ ಅಂಟಿಕೊಂಡ ತಯಾರಿ ಕೋಣೆಯಲ್ಲಿ, ಉಕ್ಕಿನ ಅಲಮಾರಿಯ ಮುಂದೆ ನಿಂತು ಸಿಸ್ಟರ್ ಆ ಖಾಲಿ ಡಬ್ಬಿಯನ್ನು ಬೋರಲು ಹಾಕಿ ಅಲ್ಲಾಡಿಸಿದರು. ಏನೂ ಬೀಳಲಿಲ್ಲ. ಡಾಕ್ಟರು ತಲೆಯ ಟೋಪಿ ಕಿತ್ತು ಕೈಯಲ್ಲಿ ಹಿಡಿದುಕೊಂಡರು.

"ಸೆಕ್ಯುರಿಟಿಯವರನ್ನ ಕರೀರಿ."

ಸೆಕ್ಯುರಿಟಿ ಎಂದರೆ ನನ್ನ ಚಿಕ್ಕಮ್ಮ. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಈ ಆಸ್ಪತ್ರೆಯ ಕಾವಲು ನೋಡಿಕೊಳ್ಳುತ್ತಾಳೆ. ನಾನು ಹೆಂಗಸರ ಗೇಟಿನಲ್ಲಿ ಚೀಲ ತಪಾಸಣೆ ಮಾಡುವವಳು. ಚಿಕ್ಕಮ್ಮ ಹೋದಲ್ಲೆಲ್ಲ ಟಾರ್ಚು ಹಿಡಿದು ಹಿಂದೆ ಹೋಗುವುದೂ ನನ್ನದೇ ಕೆಲಸ.

ತೇಪೆ ಎಂದರೆ ಬಟ್ಟೆಯದಲ್ಲ. ಮಾಂಸಖಂಡವನ್ನು ಮೂಳೆಗೆ ಕಟ್ಟಿಡುವ ಹುರಿ ಹರಿದಾಗ ಅದರ ಮೇಲೆ ಹೊಲಿಯುವ ತೆಳು ಹಾಳೆ. ಅದರ ಎಳೆಗಳನ್ನು ಹಿಡಿದುಕೊಂಡು ಮೈ ಹೊಸ ಹುರಿ ಬೆಳೆಸುತ್ತದೆ. ಬೆಳೆದ ಮೇಲೆ ಹಾಳೆ ತಾನೇ ಕರಗಿಹೋಗುತ್ತದೆ. ಇವತ್ತು ಅದು ಒಬ್ಬ ಗಾರೆ ಮೇಸ್ತ್ರಿಯ ಬಲಭುಜದೊಳಗೆ ಹೋಗಬೇಕಿತ್ತು. ಇನ್ನೂ ತಡವಾದರೆ ಹರಿದ ತುದಿ ಒಳಕ್ಕೆ ಸರಿದು, ಆ ತೋಳು ಮತ್ತೆ ಏಳುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರು.

ಮೇಸ್ತ್ರಿಯ ಕಥೆ ಎಲ್ಲರಿಗೂ ಗೊತ್ತಿತ್ತು. ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯ ಹಲಗೆಯಿಂದ ತಮ್ಮ ಜಾರಿದ. ಅಣ್ಣ ಹಿಡಿದುಕೊಂಡ. ತೋಳು ಹರಿಯಿತು, ಆದರೂ ತಮ್ಮ ಉಳಿಯಲಿಲ್ಲ. ಆ ಕಥೆ ಕೇಳಿಯೇ ತೇಪೆ ತಯಾರಿಸುವ ಕಂಪನಿ ಇದನ್ನು ತನ್ನ ಪ್ರತಿನಿಧಿಯ ಕೈಯಲ್ಲಿ ಉಚಿತವಾಗಿ ಕಳಿಸಿತ್ತು.

"ಡಬ್ಬಿ ಇಟ್ಟಿದ್ದು ಯಾರು?" ಚಿಕ್ಕಮ್ಮ ಕೇಳಿದಳು.

"ನಾನೇ ಮೇಡಂ." ಕಂಪನಿಯವನು ಟೈ ಸಡಿಲಿಸಿದ. "ಮೇಲಿನ ಅರೆಯಲ್ಲಿಟ್ಟೆ. ಒಳಗಿನ ಪೊಟ್ಟಣವನ್ನ ಸಿಸ್ಟರಿಗೂ ಮೇಸ್ತ್ರಿಗೂ ತೋರಿಸಿಯೇ ಇಟ್ಟೆ."

"ಆಮೇಲೆ?"

"ಚಹಾ ಕುಡಿಯೋಕೆ ಹೋದೆ."

"ಒಬ್ರೇ?"

"ಚಹಾ ಕುಡಿಯೋಕೂ ಸಾಕ್ಷಿ ಬೇಕಾ ಮೇಡಂ?"

"ಇವತ್ತು ಬೇಕು."

ಚಿಕ್ಕಮ್ಮ ಸಿಸ್ಟರ್ ಕಡೆ ತಿರುಗಿದಳು. "ಬೀಗ?"

"ಬೀಗದ ಕೈ ಬಾಗಿಲಲ್ಲೇ ಇತ್ತು. ಮೇಸ್ತ್ರಿಗೆ ಭುಜದಿಂದ ಬೆರಳ ತುದಿವರೆಗೂ ಔಷಧಿ ಬಳಿದು, ಜೋಲಿ ಕಟ್ಟಿದೆ. ಡಾಕ್ಟರು ಕರೆದ್ರು, ಹೋದೆ. ಬಂದು ನೋಡಿದ್ರೆ ಹೀಗೆ."

"ಇಂಥ ತೇಪೆಗೆ ಹೊರಗಡೆ ಒಳ್ಳೇ ಗಿರಾಕಿ ಇದೆ," ಕಂಪನಿಯವನು ಗೋಡೆಗೆ ಹೇಳುವವನಂತೆ ಹೇಳಿದ.

"ನನ್ನ ಕಡೆ ಯಾಕೆ ತಿರುಗಿಸ್ತೀರಿ? ನೀವೇ ತೋರಿಸಿದ ಹಾಗೆ ಮಾಡಿ ಜೇಬಿಗೆ ಹಾಕ್ಕೊಂಡಿದ್ರೆ?" ಸಿಸ್ಟರ್ ತಮ್ಮ ಚೀಲವನ್ನು ನನ್ನ ಮುಂದೆ ಇಟ್ಟರು. "ಈ ಕೆಲಸ ಹೋದ್ರೆ ಮನೇಲಿ ಏನಂತ ಹೇಳಲಿ?"

ನಾನು ಅವರ ಚೀಲ ತಡಕಿದೆ. ಏನೂ ಸಿಗದಿದ್ದರೂ ಮತ್ತೆ ತಡಕಿದೆ. ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಕಂಪನಿಯವನ ಜೇಬಿನಲ್ಲಿ ಬಾಚಣಿಗೆ ಬಿಟ್ಟರೆ ಬೇರೇನಿರಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಮೇಸ್ತ್ರಿ ಕೂತಿದ್ದರು. ಎಡಗೈಗೆ ಗ್ಲೂಕೋಸ್ ಸೂಜಿ, ಬಲತೋಳಿಗೆ ಜೋಲಿ. ತಲೆ ಎತ್ತದೆ ಹೇಳಿದರು — "ಸಿಸ್ಟರನ್ನ ಬಿಟ್ಬಿಡಿ ಅಮ್ಮ. ಅವರೇನೂ ಮಾಡಿಲ್ಲ."

"ನೀವು ನೋಡಿದ್ರಾ?"

"ಇಲ್ಲ... ಕಣ್ಣು ಮುಚ್ಕೊಂಡಿದ್ದೆ."

"ಮತ್ತೆ ಅವರು ಮಾಡಿಲ್ಲ ಅಂತ ಹೇಗೆ ಗೊತ್ತು?"



ಚಿಕ್ಕಮ್ಮ ಅಲಮಾರಿಯ ಬಾಗಿಲು ತೆರೆದು ಕೈಬಿಟ್ಟಳು. ಅದು ಟಪ್ಪೆಂದು ತಾನೇ ಮುಚ್ಚಿಕೊಂಡಿತು. ಮತ್ತೆ ತೆರೆದು ತಡೆಹಿಡಿದಳು. ನಾನು ಒಳಗೆ ಟಾರ್ಚು ಬಿಟ್ಟೆ. ಪಕ್ಕದ ತಗಡಿನ ಮೇಲೆ ಕಂದು ಚುಕ್ಕಿಗಳು.

"ಅದು ಬಳಿಯೋ ಔಷಧಿ," ಡಾಕ್ಟರು ಹೇಳಿದರು. "ಇಲ್ಲಿ ಎಲ್ಲರ ಕೈಯಲ್ಲೂ ಇರುತ್ತೆ."

"ಇರುತ್ತೆ. ಸಿಸ್ಟರ್, ಮೇಲಿನ ಅರೆಯಿಂದ ಏನಾದ್ರೂ ತೆಗೀರಿ."

ಸಿಸ್ಟರ್ ಸೊಂಟದಿಂದ ಬಾಗಿಲು ತಡೆದು, ಕೈ ಚಾಚಿ ಹತ್ತಿಯ ಕಟ್ಟು ತೆಗೆದರು. ಕಂಪನಿಯವನೂ ಹಾಗೇ ತೆಗೆದ.

"ನೋಡಿದ್ರಾ? ತೋಳು ಆಡೋವರು ನೇರ ಮೇಲಕ್ಕೆ ಚಾಚ್ತಾರೆ. ಪಕ್ಕದ ತಗಡನ್ನ ಮುಟ್ಟೋದೇ ಇಲ್ಲ. ಈ ಚುಕ್ಕಿಗಳು ಎರಡೇ ಬೆರಳಿನವು. ಇರುವೆ ಸಾಲಿನ ಹಾಗೆ ಕೆಳಗಿಂದ ಮೇಲಿನ ಅರೆವರೆಗೂ ಹತ್ತಿವೆ." ಚಿಕ್ಕಮ್ಮ ತನ್ನ ಭುಜ ಒತ್ತಿಕೊಂಡಳು. "ನನ್ನ ಭುಜ ಹಿಡ್ಕೊಂಡಾಗ ಇದೇ ಆಸ್ಪತ್ರೇಲಿ ಗೋಡೆ ಮೇಲೆ ಜೇಡನ ಹಾಗೆ ಬೆರಳು ಹತ್ತಿಸಿದೀನಿ. ತೋಳು ತಾನಾಗಿ ಏಳದೇ ಇದ್ದಾಗ ಬೆರಳೇ ಅದನ್ನ ಮೇಲಕ್ಕೆ ಹೊತ್ಕೊಂಡು ಹೋಗ್ಬೇಕು. ಭುಜ ಕೆಟ್ಟವರಿಗೆಲ್ಲ ಇಲ್ಲಿ ಕಲಿಸೋದು ಅದನ್ನೇ. ಅಲ್ವಾ ಮೇಸ್ತ್ರಿ?"



"ಎಡಗೈ ಇತ್ತಲ್ಲ?" ಡಾಕ್ಟರು ಕೇಳಿದರು.

"ಅದು ಬಾಗಿಲು ಹಿಡ್ಕೊಂಡಿತ್ತು. ಮೇಲೆತ್ತಿದ್ರೆ ಗ್ಲೂಕೋಸ್ ನಳಿಕೆ ಎಳೆದು ಸೂಜಿ ಕಿತ್ಕೊಳ್ತಿತ್ತು."

"ಆದ್ರೆ ತನ್ನ ತೇಪೇನ ತಾನೇ ಯಾರು ಕದೀತಾರೆ?"

"ನಾವೆಲ್ಲ ಹಾಗೇ ಅಂದ್ಕೊಂಡ್ವಿ. ಅದಕ್ಕೇ ಈ ಜೋಲಿಯೊಳಗೆ ಯಾರೂ ಕೈ ಹಾಕಲಿಲ್ಲ."

ಮೇಸ್ತ್ರಿ ಎಡಗೈಯಿಂದ ಜೋಲಿಯ ಮಡಿಕೆ ಸರಿಸಿ, ಬಿಳಿ ಪೊಟ್ಟಣವನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಸಿಸ್ಟರ್ ತಮ್ಮ ಚೀಲವನ್ನು ಎತ್ತಿಕೊಂಡರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಯಾಕೆ ಮೇಸ್ತ್ರಿ?" ಚಿಕ್ಕಮ್ಮನ ದನಿ ತಗ್ಗಿತ್ತು.

"ನಾನು ಅವನನ್ನ ಹಿಡೀಲೇ ಇಲ್ಲ."

ಆಗಲೇ ಕಂಡೆ — ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅವರ ತಮ್ಮನ ಹೆಂಡತಿ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿಯೂ ಕಂಡರು. ಆದರೂ ನಿಲ್ಲಿಸಲಿಲ್ಲ.

"ಹಲಗೆ ಜಾರಿತು. ಅಣ್ಣಾ ಅಂತ ಕೈ ಚಾಚಿದ. ನಾನು ಕಂಬಿ ಹಿಡ್ಕೊಂಡೆ. ಈ ತೋಳು ಹರಿದಿದ್ದು ಅವನ ಭಾರಕ್ಕಲ್ಲ, ನನ್ನ ಭಾರಕ್ಕೇ. ಕೆಳಗಿದ್ದವರು ನೆಟ್ಟಗೆ ನೋಡಿರಲಿಲ್ಲ. ಎಲ್ಲರೂ ಭೇಷ್ ಅಂದ್ರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಇವತ್ತು ಈ ಕಂಪನಿಯವರು ಪೊಟ್ಟಣ ತೋರಿಸಿ, 'ನಿಮ್ಮಂಥ ಅಣ್ಣನಿಗೇ ಇದು ಸಲ್ಲಬೇಕು' ಅಂದ್ರು. ಕಣ್ಣಿಗೆ ಕಾಣದ ಹಾಗೆ ಮಾಡಿದ್ರೆ ಸಾಕು ಅನ್ನಿಸ್ತು. ಸಿಸ್ಟರ್ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತು ತಾಯಿ."

ಕಂಪನಿಯವನು ಪೊಟ್ಟಣವನ್ನು ಎತ್ತಿ ತಿರುಗಿಸಿ ನೋಡಿದ. "ಎರಡು ಪದರವೂ ಒಡೆದಿಲ್ಲ. ಹಾಕಬಹುದು," ಎಂದ. ಆಮೇಲೆ ಸಿಸ್ಟರ್ ಕಡೆ ತಿರುಗಿ, "ಕ್ಷಮಿಸಿ," ಎಂದ. ಅದನ್ನು ನಾನು ಮೊದಲು ಹೇಳಬೇಕಿತ್ತು.

"ಮೇಸ್ತ್ರಿ ಒಪ್ಪಬೇಕಲ್ಲ," ಡಾಕ್ಟರು ಹೇಳಿದರು.

ಮೇಸ್ತ್ರಿ ತಲೆಯಾಡಿಸಿದರು. ಬೇಡ.

ಆ ಹೆಂಗಸು ಒಳಗೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಅವರ ಎದುರು ನಿಂತಳು.

"ಭಾವ," ಅಂದಳು. "ಈಗ ಏನಾದ್ರೂ ಅನ್ನೋಣ ಅಂದ್ರೆ ನಿಮ್ಮ ಜೋಲಿ ಕಾಣುತ್ತೆ. ಬಯ್ಯೋಕೆ ಆಗಲ್ಲ. ಮೊದಲು ಹೋಗಿ ಹೊಲಿಸ್ಕೊಳ್ಳಿ. ಎರಡು ತೋಳೂ ನೆಟ್ಟಗಿರೋ ಮನುಷ್ಯನ ಹತ್ರ ನನಗೆ ಕೇಳೋದು ತುಂಬ ಇದೆ."

ಮೇಸ್ತ್ರಿ ಎದ್ದರು. ಗ್ಲೂಕೋಸ್ ಸ್ಟ್ಯಾಂಡನ್ನು ಅವಳೇ ತಳ್ಳಿಕೊಂಡು ಆಪರೇಷನ್ ಕೋಣೆಯವರೆಗೂ ಹೋದಳು. ಅವರು ಒಳಗೆ ಹೋದ ಮೇಲೆ ಬೆಂಚಿಗೆ ಬಂದು, ಚಪ್ಪಲಿ ಕಳಚಿ, ಕಾಲು ಮಡಚಿ ಕೂತಳು. ಎಷ್ಟು ಹೊತ್ತಾದರೂ ಏಳುವವಳ ಹಾಗೆ ಕಾಣಲಿಲ್ಲ.